ದಮ್ಮು ಬಂದರೆ ನಿಲ್ಲಬೇಕಾ?

ಹೊಸದಾಗಿ ಬಂದವರು ಮೊದಲು ನೋಡುವುದು ಬಾಗಿಲಿಗೆ ಹತ್ತಿರ ಖಾಲಿ ಕುರ್ಚಿ ಇದೆಯಾ ಅಂತ. ಶ್ವಾಸಕೋಶದ ಕಾಯಿಲೆ ಇರುವವರಿಗೆ ಗುಂಪಿನಲ್ಲಿ ವ್ಯಾಯಾಮ ಹೇಳಿಕೊಡುವ ಫಿಸಿಯೋಥೆರಪಿಸ್ಟ್ ನಾನು. ಆ ಕುರ್ಚಿ ಹಿಡಿದವರನ್ನು ನೋಡಿದರೆ ಮನೆಯಲ್ಲಿ ಅವರ ದಿನ ಹೇಗೆ ಕಳೆಯುತ್ತದೆ ಅಂತ ಗೊತ್ತಾಗಿಬಿಡುತ್ತದೆ. ಮಂಚದಿಂದ ಕುರ್ಚಿ, ಕುರ್ಚಿಯಿಂದ ಬಚ್ಚಲುಮನೆ, ವಾಪಸ್ ಕುರ್ಚಿ. "ಅಪ್ಪಾ, ನೀವು ಏಳಬೇಡಿ, ನಾನೇ ತಂದುಕೊಡ್ತೀನಿ" ಅಂತ ಮಕ್ಕಳು ನೀರಿನ ಲೋಟವನ್ನೂ ಕೈಗೇ ಕೊಡುತ್ತಿರುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ. ಕಾಲು ಸೊರಗುವುದೂ ಅದರಿಂದಲೇ.

ನಮ್ಮ ಗುಂಪಿನಲ್ಲಿ ಜಾಸ್ತಿ ಜನ ಸಿಒಪಿಡಿ ಅನ್ನುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವವರು. ಸಿಗರೇಟಿನ ಹೊಗೆ, ಸೌದೆ ಒಲೆಯ ಹೊಗೆ, ಕೆಲಸದ ಜಾಗದ ಧೂಳು ವರ್ಷಗಟ್ಟಲೆ ಒಳಗೆ ಹೋಗಿ ಉಸಿರಿನ ಕೊಳವೆಗಳು ಕಿರಿದಾಗಿರುತ್ತವೆ. ಗಾಳಿ ಒಳಗೆ ಹೋಗುತ್ತಿಲ್ಲ ಅಂತ ಇವರಿಗೆ ಅನ್ನಿಸುತ್ತದೆ. ನಿಜವಾದ ತೊಂದರೆ ಹಳೆಯ ಗಾಳಿ ಪೂರ್ತಿ ಹೊರಗೆ ಹೋಗದೇ ಇರುವುದು. ಇಳಿಯುವವರು ಇಳಿಯುವ ಮೊದಲೇ ಹತ್ತುವವರು ನುಗ್ಗಿದ ಬಸ್ಸಿನ ಹಾಗೆ. ಬೇಗ ಬೇಗ ಉಸಿರೆಳೆದಷ್ಟೂ ಒಳಗೆ ನೂಕುನುಗ್ಗಲು. ಎದೆ ಉಬ್ಬಿಕೊಳ್ಳುತ್ತದೆ, ಹೊಸ ಗಾಳಿಗೆ ಜಾಗವೇ ಇರುವುದಿಲ್ಲ. ಅದಕ್ಕೇ ನಾವು ಮೊದಲು ಕಲಿಸುವುದು ಉಸಿರು ಬಿಡುವುದನ್ನು. ಮೂಗಿನಿಂದ ಮೆಲ್ಲಗೆ ಎಳೆದುಕೊಂಡು, ತುಟಿ ಕಿರಿದು ಮಾಡಿ, ಎಳೆದುಕೊಂಡ ಹೊತ್ತಿಗಿಂತ ಎರಡು ಪಟ್ಟು ಹೊತ್ತು ಬಿಡಬೇಕು. ಮೇಣದಬತ್ತಿಯ ಉರಿ ಬಳುಕಬೇಕು, ಆರಬಾರದು, ಅಷ್ಟೇ ಜೋರು.

ಇನ್ನರ್ಧ ತೊಂದರೆ ಇರುವುದು ತೊಡೆಯಲ್ಲಿ. ದಮ್ಮು ಬರುತ್ತದೆ ಅಂತ ಕೂರುತ್ತಾರೆ. ಕೂತರೆ ತೊಡೆಯ ಸ್ನಾಯು ಕರಗುತ್ತದೆ. ಸೊರಗಿದ ಸ್ನಾಯು ನಾಲ್ಕು ಹೆಜ್ಜೆಗೇ ಲ್ಯಾಕ್ಟಿಕ್ ಆಸಿಡ್ ಮಾಡಿಕೊಳ್ಳುತ್ತದೆ. ಅದನ್ನು ಸಂಭಾಳಿಸಲು ಇನ್ನೂ ಜಾಸ್ತಿ ಉಸಿರಾಡಬೇಕು. ಮೊದಲೇ ಕಷ್ಟದಲ್ಲಿರುವ ಶ್ವಾಸಕೋಶಕ್ಕೆ ಇದು ಹೆಚ್ಚುವರಿ ಸಾಲ. ಒಂದು ಕಾಲದಲ್ಲಿ ವೈದ್ಯರೂ "ಆರಾಮಾಗಿ ಮಲಗಿರಿ" ಅಂತಲೇ ಹೇಳುತ್ತಿದ್ದರು. 1960ರ ದಶಕದಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಥಾಮಸ್ ಪೆಟ್ಟಿ ಅವರಂಥ ವೈದ್ಯರು ಇಂಥ ರೋಗಿಗಳನ್ನು ಎಬ್ಬಿಸಿ ನಡೆಸಿದರು. 2015ರಲ್ಲಿ ಕಾಕ್ರೇನ್ ಸಂಸ್ಥೆ 65 ಪ್ರಯೋಗಗಳನ್ನು, 3,822 ರೋಗಿಗಳ ಫಲಿತಾಂಶವನ್ನು ಒಟ್ಟಿಗೆ ಇಟ್ಟು ನೋಡಿತು. ಪಲ್ಮನರಿ ರಿಹ್ಯಾಬ್, ಅಂದರೆ ನಮ್ಮ ಗುಂಪಿನಲ್ಲಿ ನಡೆಯುವಂಥ ವ್ಯಾಯಾಮದ ತರಬೇತಿ, ಮಾಡಿದವರಿಗೆ ಏದುಸಿರು ಕಡಿಮೆ, ಸುಸ್ತು ಕಡಿಮೆ, ನಡಿಗೆ ಜಾಸ್ತಿ. ಆದರೆ ಸ್ಪೈರೋಮೆಟ್ರಿ (ಜೋರಾಗಿ ಊದಿಸಿ ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಪರೀಕ್ಷೆ) ಮಾಡಿಸಿದರೆ ಅಂಕಿ ಹೆಚ್ಚುಕಡಿಮೆ ಹಿಂದಿನದ್ದೇ ಇರುತ್ತದೆ. "ಶ್ವಾಸಕೋಶ ಸರಿಹೋಗಿಲ್ಲವಲ್ಲ" ಅಂತ ಬೇಜಾರು ಮಾಡಿಕೊಳ್ಳುವವರಿಗೆ ಇದನ್ನು ನಾನು ಮೊದಲೇ ಹೇಳಿಬಿಡುತ್ತೇನೆ.

ಇಷ್ಟೆಲ್ಲ ವಿವರಿಸಿದ ಮೇಲೂ ಭಯ ಇಳಿಯುವುದಿಲ್ಲ. ಮೊದಲೆಲ್ಲ ಇದು ನನಗೆ ಅರ್ಥವಾಗುತ್ತಿರಲಿಲ್ಲ. ಚೆನ್ನಾಗಿ ವಿವರಿಸಿದರೆ ಸಾಕು ಅಂದುಕೊಂಡಿದ್ದೆ. ಒಬ್ಬೊಬ್ಬರನ್ನೇ ಕರೆದು, ಬಾಗಿಲು ಹಾಕಿಕೊಂಡು, ಚಿತ್ರ ಬರೆದು ಹೇಳುತ್ತಿದ್ದೆ. ಎಲ್ಲದಕ್ಕೂ ತಲೆಯಾಡಿಸಿ, ಮನೆಗೆ ಹೋಗಿ ಮತ್ತೆ ಕೂತುಬಿಡುತ್ತಿದ್ದರು.

ಒಮ್ಮೆ ನಿವೃತ್ತ ಮೇಷ್ಟ್ರೊಬ್ಬರು 6 ನಿಮಿಷದ ನಡಿಗೆ ಪರೀಕ್ಷೆಯ ಮಧ್ಯೆ ನಿಂತರು. 30 ಮೀಟರ್ ಉದ್ದದ ಕಾರಿಡಾರಿನಲ್ಲಿ ಹೋಗಿ ಬಂದು ಮಾಡುವ ಪರೀಕ್ಷೆ ಅದು. ಕಣ್ಣು ಅಗಲ ಆಗಿತ್ತು, ಕಿಟಕಿ ಕಟ್ಟೆ ಹಿಡಿದ ಕೈ ನಡುಗುತ್ತಿತ್ತು. ಬೆರಳಿನ ಆಕ್ಸಿಮೀಟರ್ 94 ತೋರಿಸುತ್ತಿತ್ತು. "ಸಾರ್, ಆಕ್ಸಿಜನ್ ಚೆನ್ನಾಗಿದೆ, ದಮ್ಮು ಈಗ ಇಳಿಯುತ್ತೆ" ಅಂದೆ. ಅವರಿಗೆ ಕೇಳಿಸಿದ ಹಾಗೇ ಕಾಣಲಿಲ್ಲ. ಆಗ ಗುಂಪಿನ ಹಳಬರೊಬ್ಬರು, ಮೂಗಿಗೆ ಆಕ್ಸಿಜನ್ ನಳಿಕೆ ಹಾಕಿಕೊಂಡಿದ್ದ ಹೆಂಗಸು, ಎದ್ದು ಬಂದು ಅದೇ ಕಿಟಕಿ ಕಟ್ಟೆಗೆ ಮೊಣಕೈ ಊರಿ ಮುಂದಕ್ಕೆ ಬಾಗಿ ನಿಂತರು.

"ಮಾತಾಡ್ಬೇಡಿ ಮೇಷ್ಟ್ರೇ. ನನ್ನ ಜೊತೆ ಊದಿ."

ಇಬ್ಬರೂ ಊದಿದರು. ಎರಡು ನಿಮಿಷ ಆಗಿರಬಹುದು. ಮೇಷ್ಟ್ರ ಭುಜ ಕೆಳಗಿಳಿಯಿತು.

"ನಿಮಗೂ ಹೀಗೇ ಆಗುತ್ತಾ ಅಮ್ಮಾ?"

"ತಲೆ ಬಾಚೋವಾಗ ದಿನಾ ಆಗುತ್ತೆ. ಇಳಿಯುತ್ತೆ."

ನನ್ನ ಮಾತಿಗೆ ಇಲ್ಲದ ತೂಕ ಆ ಒಂದು ಮಾತಿಗಿತ್ತು. ನನಗೆ ಆ ಕಾಯಿಲೆ ಇಲ್ಲವಲ್ಲ!

ತಲೆ ಬಾಚುವುದಕ್ಕೂ ದಮ್ಮಿಗೂ ಏನು ಸಂಬಂಧ ಅಂತ ಕೇಳಬಹುದು. ಉಸಿರು ಕಟ್ಟಿದಾಗ ಕುತ್ತಿಗೆ, ಭುಜದ ಸ್ನಾಯುಗಳೂ ಉಸಿರೆಳೆಯಲು ಸಹಾಯಕ್ಕೆ ಬರುತ್ತವೆ. ಕೈ ಮೇಲೆತ್ತಿದರೆ ಅವು ಕೈಯನ್ನು ಹೊರಬೇಕು, ಉಸಿರಿಗೆ ಬಿಡುವಿಲ್ಲ. ಮೊಣಕೈ ಊರಿ ಬಾಗಿ ನಿಂತಾಗ ಆರಾಮ ಸಿಗುವುದೂ ಬಹುಮಟ್ಟಿಗೆ ಇದರಿಂದಲೇ. ಕೂತು ಬಾಚಿ, ಮೊಣಕೈಯನ್ನು ಮೇಜಿನ ಮೇಲಿಡಿ, ಕೈ ಎತ್ತುವಾಗ ಉಸಿರು ಬಿಡಿ. ಇಂಥ ಸಣ್ಣ ಉಪಾಯಗಳು ನನ್ನ ಪಾಠಕ್ಕಿಂತ ಬೇಗ ಗುಂಪಿನೊಳಗೇ ಒಬ್ಬರಿಂದ ಒಬ್ಬರಿಗೆ ಹೋಗುತ್ತವೆ. ಸ್ನಾನಕ್ಕೆ ಸ್ಟೂಲ್ ಹಾಕಿಕೊಳ್ಳುವುದು, ಕಫ ಬಂದಾಗ ನಾಚಿಕೆ ಬಿಟ್ಟು ಕ್ಯಾಕರಿಸುವುದು ಎಲ್ಲ ಹೀಗೇ. "ಸಿಗರೇಟು ಸೇದಿ ತಂದುಕೊಂಡಿರಿ" ಅಂತ ಇಲ್ಲಿ ಯಾರೂ ಯಾರಿಗೂ ಹೇಳುವುದಿಲ್ಲ.

ಇನ್ನೊಂದು ವಿಷಯ. ಏದುಸಿರು ಬೇರೆ, ರಕ್ತದಲ್ಲಿ ಆಕ್ಸಿಜನ್ ಇಳಿಯುವುದು ಬೇರೆ. ಮೇಷ್ಟ್ರ ಹಾಗೆ 94 ಇದ್ದೂ ಒದ್ದಾಡುವವರಿದ್ದಾರೆ. 86ಕ್ಕೆ ಇಳಿದರೂ "ಏನೂ ಆಗಿಲ್ಲ" ಅನ್ನುವವರೂ ಇದ್ದಾರೆ. ಶ್ವಾಸಕೋಶ ಗಟ್ಟಿಯಾಗುವ ಫೈಬ್ರೋಸಿಸ್ ಇರುವವರಲ್ಲಿ ನಡೆದಾಗ ಬೇಗ ಇಳಿಯುತ್ತದೆ. ನನಗೆ ಜಾಸ್ತಿ ಹೆದರಿಕೆ ಹೀಗೆ ಇಳಿದರೂ ಗೊತ್ತಾಗದವರದ್ದು. ಅದಕ್ಕೆ ಮೀಟರೂ ನೋಡುತ್ತೇವೆ, ಬಾಯಿಬಿಟ್ಟು ಕೇಳುತ್ತಲೂ ಇರುತ್ತೇವೆ. ಸೊನ್ನೆಯಿಂದ ಹತ್ತರವರೆಗಿನ ಬೋರ್ಗ್ ಅಳತೆಯಲ್ಲಿ ಏದುಸಿರು 4ರಿಂದ 6ರ ನಡುವೆ ಇದ್ದರೆ ವ್ಯಾಯಾಮ ಸರಿಯಾಗಿ ನಡೆಯುತ್ತಿದೆ ಅಂತ ಅರ್ಥ. ಅಂದರೆ ದಮ್ಮು ಬರಲೇಬೇಕು. ಆದರೆ ಎದೆ ನೋವು, ತುಟಿ ನೀಲಿ, ಮಂಕು, ಕೂತು ಸುಧಾರಿಸಿಕೊಂಡರೂ ಇಳಿಯದ ಉಬ್ಬಸ ಇದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಸಾಮಾನ್ಯವಾಗಿ 6ರಿಂದ 12 ವಾರ, ವಾರಕ್ಕೆ ಎರಡು ಮೂರು ದಿನ ಬರಬೇಕು. ಕಾರಿಡಾರಿನ ಒಂದು ಉದ್ದ, ಅಂದರೆ ಸುಮಾರು 30 ಮೀಟರ್, ಜಾಸ್ತಿ ನಡೆದರೂ ಅದನ್ನು ನಿಜವಾದ ಸುಧಾರಣೆ ಅಂತ ಲೆಕ್ಕ ಹಿಡಿಯುತ್ತೇವೆ. ಕಾಯಿಲೆ ಉಲ್ಬಣಿಸಿ ಆಸ್ಪತ್ರೆ ಸೇರಿದ್ದವರು ಬಿಡುಗಡೆಯಾದ 4 ವಾರದೊಳಗೆ ಶುರು ಮಾಡಿದರೆ ಒಳ್ಳೆಯದು. ಸುಸ್ತು ಹೋಗಲಿ ಆಮೇಲೆ ಬರ್ತೀನಿ ಅನ್ನುವವರು ಸಾಮಾನ್ಯವಾಗಿ ಬರುವುದೇ ಇಲ್ಲ. ಮುಗಿದ ಮೇಲೆ ಸುಮ್ನೆ ಕೂತರೆ ಒಂದು ವರ್ಷದೊಳಗೆ ಗಳಿಸಿದ್ದು ಬಹುಪಾಲು ಕರಗುತ್ತದೆ.

ಗುಂಪು ಎಲ್ಲರಿಗೂ ಹಿಡಿಸಬೇಕು ಅಂತೇನಿಲ್ಲ. ಮನೆಯಲ್ಲೇ ಮಾಡಿ, ವಾರಕ್ಕೊಮ್ಮೆ ಫಿಸಿಯೋ ಫೋನಿನಲ್ಲಿ ವಿಚಾರಿಸಿಕೊಂಡರೂ ಫಲ ಇದೆ. ಇತ್ತೀಚೆಗೆ ಹೃದಯಾಘಾತ ಆದವರು ಹೃದಯದ ವೈದ್ಯರ ಒಪ್ಪಿಗೆ ಪಡೆದೇ ಬರಬೇಕು. ಸಿಸ್ಟಿಕ್ ಫೈಬ್ರೋಸಿಸ್ (ಹುಟ್ಟಿನಿಂದಲೇ ಬರುವ, ಶ್ವಾಸಕೋಶದಲ್ಲಿ ಅಂಟು ಕಫ ಕಟ್ಟುವ ಬೇರೆಯದೇ ಕಾಯಿಲೆ) ಇರುವವರನ್ನು ಒಟ್ಟಿಗೆ ಸೇರಿಸುವುದಿಲ್ಲ, ಒಬ್ಬರ ರೋಗಾಣು ಇನ್ನೊಬ್ಬರಿಗೆ ಹರಡುತ್ತದೆ. ನೆಗಡಿ, ಜ್ವರ ಇದ್ದ ದಿನ ಯಾರೂ ಬರಬೇಡಿ.

ಮೊದಲ ದಿನ ಏನು ತರಬೇಕು ಅಂತ ಕೇಳುತ್ತಾರೆ. ಇನ್‌ಹೇಲರ್ ಮರೆಯದೇ ತನ್ನಿ. ಶೂ ಲೇಸ್ ಇಲ್ಲದ್ದಾಗಿರಲಿ. ಬಗ್ಗಿ ಲೇಸ್ ಕಟ್ಟುವಷ್ಟರಲ್ಲೇ ಅರ್ಧ ದಮ್ಮು ಖರ್ಚಾಗಿರುತ್ತದೆ.