ಎಲೆಕ್ಟಬಿಲಿಟಿ: ಒಬ್ಬ ಮತದಾರ ಉಳಿದ ಮತದಾರರ ಬಗ್ಗೆ ಕಟ್ಟುವ ಅಂದಾಜು

ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ವರದಿಗಳಲ್ಲಿ, ಅದರಲ್ಲೂ ಚುನಾವಣಾ ವರ್ಷದ ಮೊದಲ ಎರಡು ಮೂರು ತಿಂಗಳ ವರದಿಗಳಲ್ಲಿ, ‘ಎಲೆಕ್ಟಬಿಲಿಟಿ’ ಎಂಬ ಪದ ಮತ್ತೆ ಮತ್ತೆ ಬರುತ್ತದೆ. ಚುನಾವಣೆಯಲ್ಲಿ ಆರಿಸಿ ಬರುವ ಸಾಮರ್ಥ್ಯ ಎಂಬುದು ಅದರ ನೇರ ಅರ್ಥ. ಟಿಕೆಟ್ ಹಂಚಿಕೆಯ ಕಾಲದಲ್ಲಿ ನಮ್ಮ ಪತ್ರಿಕೆಗಳು ಬಳಸುವ ‘ಗೆಲ್ಲುವ ಕುದುರೆ’ ಎಂಬ ಮಾತು ಇದಕ್ಕೆ ಸಮೀಪದ್ದಾದರೂ ಎರಡರ ನಡುವೆ ಗಮನಿಸಲೇಬೇಕಾದ ವ್ಯತ್ಯಾಸವೊಂದಿದೆ. ಕರ್ನಾಟಕದಲ್ಲಿ ಗೆಲ್ಲುವ ಕುದುರೆ ಯಾವುದೆಂದು ಲೆಕ್ಕ ಹಾಕುವವರು ಪಕ್ಷದ ವರಿಷ್ಠರು. ಮತಯಂತ್ರದ ಮುಂದೆ ಮತದಾರ ನಿಲ್ಲುವ ಹೊತ್ತಿಗೆ ಆ ಲೆಕ್ಕ ಮುಗಿದಿರುತ್ತದೆ. ಅಮೆರಿಕದಲ್ಲಿ ಪಕ್ಷದ ಅಭ್ಯರ್ಥಿ ಯಾರಾಗಬೇಕೆಂಬುದನ್ನು ‘ಪ್ರೈಮರಿ’ ಎಂಬ ಪೂರ್ವಭಾವಿ ಮತದಾನದಲ್ಲಿ ಜನರೇ ತೀರ್ಮಾನಿಸುವುದರಿಂದ, ಕುದುರೆಯನ್ನು ಅಳೆಯುವ ಹೊಣೆಯೂ ಸಾಮಾನ್ಯ ಮತದಾರನ ಹೆಗಲಿಗೇ ಬರುತ್ತದೆ. (ಪ್ರೈಮರಿ ಅಧ್ಯಕ್ಷ ಹುದ್ದೆಗೆ ಮಾತ್ರ ಸೀಮಿತವಲ್ಲ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2018ರಲ್ಲಿ ಮಿಷಿಗನ್ ರಾಜ್ಯಪಾಲ ಹುದ್ದೆಯ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಸೋತು, 2022ರಲ್ಲಿ ಸಂಸತ್ ಸ್ಥಾನದ ಪ್ರೈಮರಿಯಲ್ಲಿ ಗೆದ್ದು ಅಮೆರಿಕದ ಸಂಸತ್ತನ್ನು ಪ್ರವೇಶಿಸಿದರು.)

ಪ್ರೈಮರಿಯ ಮತದಾರನ ಮುಂದೆ ಎರಡು ಪ್ರಶ್ನೆಗಳಿರುತ್ತವೆ. ನನಗೆ ಒಪ್ಪಿಗೆಯಾದವರು ಯಾರು ಎಂಬುದು ಮೊದಲನೆಯದು. ಅದಕ್ಕೆ ಉತ್ತರ ಅವನ ಮನಸ್ಸಿನಲ್ಲೇ ಇದೆ. ನವೆಂಬರಿನ ಅಂತಿಮ ಚುನಾವಣೆಯಲ್ಲಿ ಎದುರು ಪಕ್ಷವನ್ನು ಸೋಲಿಸಬಲ್ಲವರು ಯಾರು ಎಂಬುದು ಎರಡನೆಯದು. ಅದಕ್ಕೆ ಉತ್ತರ ಇರುವುದು ಅವನು ಎಂದೂ ನೋಡದ ಕೋಟ್ಯಂತರ ಜನರ ಮನಸ್ಸಿನಲ್ಲಿ. ಹೀಗಾಗಿ ಎತ್ತರ, ವಿದ್ಯೆ, ಅನುಭವಗಳಂತೆ ಅಭ್ಯರ್ಥಿಯಲ್ಲೇ ಇರುವ ಗುಣವೆಂಬಂತೆ ನಾವು ಎಲೆಕ್ಟಬಿಲಿಟಿಯ ಬಗ್ಗೆ ಮಾತನಾಡಿದರೂ, ವಾಸ್ತವದಲ್ಲಿ ಅದು ಒಬ್ಬ ಮತದಾರ ಉಳಿದ ಮತದಾರರ ಬಗ್ಗೆ ಕಟ್ಟಿಕೊಂಡ ಊಹೆ. ಕನ್ನಡದಲ್ಲಿ ಇದನ್ನು ‘ಗೆಲುವಿನ ಅರ್ಹತೆ’ ಎಂದು ಅನುವಾದಿಸುವುದು ನನಗೆ ಸರಿಕಾಣುವುದಿಲ್ಲ. ‘ಗೆಲ್ಲಬಲ್ಲರೆಂಬ ನಂಬಿಕೆ’ ಎಂದರೆ ಆ ಭಾವ ಯಾರಲ್ಲಿ ಹುಟ್ಟುತ್ತದೆ ಎಂಬುದಾದರೂ ಸ್ಪಷ್ಟವಾಗುತ್ತದೆ.

ಈ ಊಹೆ ದಶಕಗಳ ಕಾಲ ಮೊದಲು ಪರೀಕ್ಷೆಗೆ ಒಳಗಾಗುತ್ತ ಬಂದದ್ದು ಐಯೊವಾ ರಾಜ್ಯದ ಕಾಕಸ್‌ಗಳಲ್ಲಿ, ಅಂದರೆ ಪಕ್ಷದವರು ಒಂದೆಡೆ ಸೇರಿ ತಮ್ಮ ಆಯ್ಕೆಯನ್ನು ತಿಳಿಸುವ ಸ್ಥಳೀಯ ಸಭೆಗಳಲ್ಲಿ, ಮತ್ತು ಅದರ ಬೆನ್ನಿಗೇ ಬರುವ ನ್ಯೂ ಹ್ಯಾಂಪ್‌ಶೈರ್ ಪ್ರೈಮರಿಯಲ್ಲಿ. ಪಕ್ಷದ ಸಮಾವೇಶದಲ್ಲಿ ಅಭ್ಯರ್ಥಿಯನ್ನು ಅಧಿಕೃತವಾಗಿ ಆರಿಸುವ ಪ್ರತಿನಿಧಿಗಳ ಲೆಕ್ಕದಲ್ಲಿ ನ್ಯೂ ಹ್ಯಾಂಪ್‌ಶೈರ್ ತೀರ ಸಣ್ಣ ರಾಜ್ಯ: 2020ರ ಡೆಮಾಕ್ರಟಿಕ್ ಸ್ಪರ್ಧೆಯಲ್ಲಿ ಮತದಾನದಿಂದ ಹಂಚಿಕೆಯಾಗಬೇಕಿದ್ದ 3,979 ಪ್ರತಿನಿಧಿಗಳಲ್ಲಿ ಅದರ ಪಾಲು 24 ಮಾತ್ರ. ಆದರೂ 1920ರಿಂದ ಮೊದಲ ಪ್ರೈಮರಿ ಅಲ್ಲಿಯೇ ನಡೆಯುತ್ತ ಬಂದಿರುವುದರಿಂದ, ದೇಶದ ಉಳಿದ ಮತದಾರರಿಗೆ ‘ಬೇರೆಯವರು ಏನೆನ್ನುತ್ತಾರೆ’ ಎಂಬುದರ ಮೊದಲ ಸುಳಿವು ಸಿಗುವುದು ಅಲ್ಲಿಂದಲೇ. ಅಭ್ಯರ್ಥಿಗಳು ಅಲ್ಲಿ ಹೋಟೆಲುಗಳಲ್ಲಿ, ಶಾಲೆಗಳ ಸಭಾಂಗಣಗಳಲ್ಲಿ, ಮನೆಗಳ ಪಡಸಾಲೆಗಳಲ್ಲಿ ಜನರಿಗೆ ಮುಖಾಮುಖಿಯಾಗುತ್ತಾರೆ. 2000ದ ರಿಪಬ್ಲಿಕನ್ ಸ್ಪರ್ಧೆಯಲ್ಲಿ ಜಾನ್ ಮೆಕೇನ್ ಇಂಥ ನೂರಕ್ಕೂ ಹೆಚ್ಚು ಸಭೆಗಳನ್ನು ನಡೆಸಿ, ಹಣಬಲದಲ್ಲೂ ಪಕ್ಷದ ನಾಯಕರ ಬೆಂಬಲದಲ್ಲೂ ತಮಗಿಂತ ಬಹಳ ಮುಂದಿದ್ದ ಜಾರ್ಜ್ ಡಬ್ಲ್ಯು. ಬುಷ್ ಅವರನ್ನು ಆ ರಾಜ್ಯದಲ್ಲಿ ಶೇ 49–30ರ ಅಂತರದಿಂದ ಸೋಲಿಸಿದರು.

ಇಲ್ಲಿನ ಫಲಿತಾಂಶವನ್ನು ಓದುವ ಕ್ರಮವೇ ಬೇರೆ. ಎಷ್ಟು ಮತ ಬಂತು ಎಂಬುದಕ್ಕಿಂತ, ಬರಬೇಕಿದ್ದಷ್ಟು ಬಂತೇ ಎಂಬುದನ್ನು ಜನ ನೋಡುತ್ತಾರೆ. 1968ರ ಮಾರ್ಚ್ 12ರಂದು ಹಾಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಸುಮಾರು ಶೇ 49ರಷ್ಟು ಮತ ಪಡೆದು ಮೊದಲ ಸ್ಥಾನದಲ್ಲಿದ್ದರು. ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ನಿಂತಿದ್ದ ಯೂಜೀನ್ ಮೆಕಾರ್ಥಿ ಅವರಿಗೆ ಬಂದದ್ದು ಸುಮಾರು ಶೇ 42. ಅಧಿಕಾರದಲ್ಲಿರುವ ಅಧ್ಯಕ್ಷರೊಬ್ಬರನ್ನು ಅವರ ಪಕ್ಷದವರೇ ಇಷ್ಟರಮಟ್ಟಿಗೆ ನಿರಾಕರಿಸಬಹುದೆಂದು ಯಾರೂ ಎಣಿಸಿರಲಿಲ್ಲವಾದ್ದರಿಂದ ಆ ಗೆಲುವು ಸೋಲಿನಂತೆಯೇ ಕಂಡಿತು. ನಾಲ್ಕೇ ದಿನಗಳಲ್ಲಿ ರಾಬರ್ಟ್ ಕೆನಡಿ ಕಣಕ್ಕಿಳಿದರು, ಮಾರ್ಚ್ 31ರಂದು ಜಾನ್ಸನ್ ತಾವು ಮತ್ತೆ ಸ್ಪರ್ಧಿಸುವುದಿಲ್ಲವೆಂದು ಘೋಷಿಸಿದರು. ಇದಕ್ಕೆ ವಿರುದ್ಧವಾದ ನಿದರ್ಶನ 1992ರದು. ಖಾಸಗಿ ಬದುಕಿನ ಆರೋಪಗಳಿಂದಲೂ ಸೇನಾ ಭರ್ತಿಯನ್ನು ತಪ್ಪಿಸಿಕೊಂಡರೆಂಬ ವಿವಾದದಿಂದಲೂ ಬಿಲ್ ಕ್ಲಿಂಟನ್ ಅವರ ಕಥೆ ಮುಗಿಯಿತೆಂದು ಭಾವಿಸಲಾಗಿದ್ದಾಗ, ಅವರು ಶೇ 25ರಷ್ಟು ಮತ ಪಡೆದು ಎರಡನೆಯವರಾದರು. ಬಿದ್ದಲ್ಲಿಂದ ಎದ್ದು ಬಂದವನು ತಾನೆಂದು ಆ ರಾತ್ರಿಯೇ ಸಾರಿಕೊಂಡರು. ಶೇ 33ರೊಂದಿಗೆ ನಿಜವಾಗಿ ಗೆದ್ದಿದ್ದ ಪಾಲ್ ಸಾಂಗಸ್ ನೆರೆಯ ಮ್ಯಾಸಚೂಸೆಟ್ಸ್‌ನವರಾದ ಕಾರಣ, ಅವರ ಗೆಲುವಿಗೆ ಅಷ್ಟು ತೂಕ ಸಿಗಲಿಲ್ಲ.

ವ್ಯಕ್ತಿಚಿತ್ರಕ್ಕೂ ಈ ನಂಬಿಕೆಗೂ ಇರುವ ನಂಟನ್ನು ಎಡ್ಮಂಡ್ ಮಸ್ಕಿ ಅವರ ಪ್ರಸಂಗದಷ್ಟು ಚೆನ್ನಾಗಿ ತೋರಿಸುವ ಇನ್ನೊಂದು ಪ್ರಸಂಗ ನನಗೆ ಗೊತ್ತಿಲ್ಲ. 1972ರಲ್ಲಿ ಡೆಮಾಕ್ರಟಿಕ್ ಪಕ್ಷದ ಮುಂಚೂಣಿಯಲ್ಲಿದ್ದ ಅವರ ಬಂಡವಾಳವೇ ಎಲೆಕ್ಟಬಿಲಿಟಿ: 1968ರಲ್ಲಿ ಉಪಾಧ್ಯಕ್ಷ ಸ್ಥಾನಕ್ಕೆ ನಿಂತು ದೇಶಕ್ಕೆ ಪರಿಚಿತರಾಗಿದ್ದವರು, ಮಿತಭಾಷಿ, ಧೃತಿಗೆಡದ ಮನುಷ್ಯ, ಹಾಲಿ ಅಧ್ಯಕ್ಷ ನಿಕ್ಸನ್ ಅವರನ್ನು ಎದುರಿಸಬಲ್ಲವರು ಎಂಬ ಹೆಸರು ಅವರಿಗಿತ್ತು. ನ್ಯೂ ಹ್ಯಾಂಪ್‌ಶೈರ್‌ನ ಮ್ಯಾಂಚೆಸ್ಟರ್ ನಗರದ ‘ಯೂನಿಯನ್ ಲೀಡರ್’ ಪತ್ರಿಕೆ ಅವರ ಮೇಲೂ ಅವರ ಪತ್ನಿಯ ಮೇಲೂ ಹರಿಹಾಯ್ದಾಗ, ಪ್ರೈಮರಿಗೆ ಹತ್ತು ದಿನ ಮೊದಲು, ಸುರಿಯುವ ಹಿಮದಲ್ಲಿ ಆ ಪತ್ರಿಕೆಯ ಕಚೇರಿಯ ಮುಂದೆ ಲಾರಿಯೊಂದರ ಮೇಲೆ ನಿಂತು ಮಸ್ಕಿ ಪ್ರತಿಭಟಿಸಿದರು. ಮಾತಿನ ನಡುವೆ ಅವರ ಗಂಟಲು ಕಟ್ಟಿತು. ಅವರು ಅತ್ತರೆಂದು ವರದಿಗಾರರು ಬರೆದರು. ಮುಖದ ಮೇಲೆ ಕರಗಿದ್ದು ಹಿಮವೆಂದು ಮಸ್ಕಿ ಹೇಳಿದರು. ಮತ ಎಣಿಸಿದಾಗ ಅವರಿಗೆ ಶೇ 46, ಜಾರ್ಜ್ ಮೆಕ್‌ಗವರ್ನ್ ಅವರಿಗೆ ಶೇ 37. ಗೆದ್ದರೂ ಅರ್ಧದಷ್ಟು ಮತ ದಾಟಲಿಲ್ಲವೆಂಬ ಮಾತೇ ದೊಡ್ಡದಾಯಿತು, ಕೆಲವೇ ವಾರಗಳಲ್ಲಿ ಅವರ ಪ್ರಚಾರ ಸೊರಗಿತು. ಹೆಂಡತಿಯ ಮೇಲಿನ ನಿಂದೆಗೆ ಗಂಡನೊಬ್ಬ ಗದ್ಗದಿತನಾಗುವುದರಲ್ಲಿ ನನಗಂತೂ ಯಾವ ಕುಂದೂ ಕಾಣುವುದಿಲ್ಲ. ಆದರೆ ಮಸ್ಕಿ ಅವರ ಮೇಲಿನ ನಂಬಿಕೆಯೆಲ್ಲ ಅವರ ಸ್ಥಿಮಿತತೆಯ ಮೇಲೆ ನಿಂತಿದ್ದರಿಂದ, ಬಿರುಕು ಕಂಡದ್ದು ಅಡಿಪಾಯದಲ್ಲೇ.

ಇದೇ ರಾಜ್ಯದಲ್ಲಿ 36 ವರ್ಷಗಳ ನಂತರ ಕಣ್ಣೀರು ಬೇರೆಯೇ ಅರ್ಥ ಪಡೆಯಿತು. 2008ರ ಜನವರಿ 7ರಂದು ಪೋರ್ಟ್ಸ್‌ಮತ್‌ನ ಕಾಫಿ ಅಂಗಡಿಯೊಂದರಲ್ಲಿ ಮತದಾರ್ತಿಯೊಬ್ಬರ ಪ್ರಶ್ನೆಗೆ ಉತ್ತರಿಸುವಾಗ ಹಿಲರಿ ಕ್ಲಿಂಟನ್ ಅವರ ಕಣ್ಣು ತೇವಗೊಂಡಿತು, ದನಿ ನಡುಗಿತು. ಮರುದಿನ, ಸಮೀಕ್ಷೆಗಳೆಲ್ಲ ಬರಾಕ್ ಒಬಾಮ ಮುಂದಿದ್ದಾರೆಂದು ಹೇಳುತ್ತಿದ್ದಾಗ, ಅವರು ಶೇ 39–36ರಿಂದ ಗೆದ್ದರು. ಆ ಕಣ್ಣೀರೇ ಗೆಲ್ಲಿಸಿತೆಂದು ಹೇಳುವುದು ದುಡುಕಾದೀತು, ಏಕೆಂದರೆ ಸಮೀಕ್ಷೆಗಳೂ ತಪ್ಪಿದ್ದಿರಬಹುದು. ಆದರೆ ಕಠಿಣ ಹೃದಯದವರೆಂಬ ಚಿತ್ರವಿದ್ದವರಲ್ಲಿ ಅದು ದೌರ್ಬಲ್ಯವಾಗಿ ಅಲ್ಲ, ಮನುಷ್ಯಸಹಜ ಭಾವವಾಗಿ ಅನೇಕರಿಗೆ ಕಂಡಿತೆಂಬುದು ಆಗಿನ ಪ್ರತಿಕ್ರಿಯೆಗಳಿಂದ ತಿಳಿಯುತ್ತದೆ. ಮತದಾರ ಅಭ್ಯರ್ಥಿಯ ನಡೆಯನ್ನು ಅಳೆಯುವುದು ಮೊದಲೇ ಮನಸ್ಸಿನಲ್ಲಿ ಮೂಡಿದ್ದ ಚಿತ್ರದ ಪಕ್ಕದಲ್ಲಿಟ್ಟು.

ಇದಕ್ಕೂ ನಾಲ್ಕು ವರ್ಷ ಹಿಂದೆ, ಡೆಮಾಕ್ರಟಿಕ್ ಸ್ಪರ್ಧೆಯಲ್ಲಿದ್ದ ಹೌವರ್ಡ್ ಡೀನ್ ಅವರಿಗಾದದ್ದು ಮೈಕಿನ ಅನ್ಯಾಯ ಎನ್ನಬೇಕು. ಐಯೊವಾದಲ್ಲಿ ಮೂರನೆಯವರಾದ ರಾತ್ರಿ ಬೆಂಬಲಿಗರನ್ನು ಹುರಿದುಂಬಿಸಲು ಅವರು ಹಾಕಿದ ಕೂಗು, ಸುತ್ತಲಿನ ಗದ್ದಲವನ್ನು ಹಿಡಿಯದ ಮೈಕಿನ ಮೂಲಕ ಒಂಟಿ ಅರಚಾಟವಾಗಿ ಮನೆಮನೆಯ ಟಿ.ವಿ.ಗಳಲ್ಲಿ ಕೇಳಿಸಿತು. ಬುಷ್ ಅವರನ್ನು ಯಾರು ಸೋಲಿಸಬಲ್ಲರು ಎಂಬ ಪ್ರಶ್ನೆಯೇ ಮುಂದಿದ್ದ ಆ ವರ್ಷದಲ್ಲಿ, ನ್ಯೂ ಹ್ಯಾಂಪ್‌ಶೈರ್ ಯೋಧರಾಗಿದ್ದ ಜಾನ್ ಕೆರಿ ಅವರ ಕಡೆಗೆ ವಾಲಿತು. ನವೆಂಬರಿನಲ್ಲಿ ಕೆರಿ ಸೋತರು.

ಈ ಪದದ ಬಗ್ಗೆ ನನ್ನನ್ನು ಹೆಚ್ಚು ಕಾಡುವ ಸಂಗತಿ ಇನ್ನೊಂದಿದೆ. ‘ನನಗೇನೋ ಈಕೆ ಒಪ್ಪಿಗೆ, ಆದರೆ ಬೇರೆಯವರು ಹೆಂಗಸಿಗೆ ಮತ ಹಾಕುವುದಿಲ್ಲ’ ಎಂದು ಹಲವರು ಒಟ್ಟಿಗೆ ಯೋಚಿಸಿದರೆ, ಪೂರ್ವಗ್ರಹವಿಲ್ಲದವರೂ ಪೂರ್ವಗ್ರಹಕ್ಕೆ ಮತ ಹಾಕಿದಂತಾಗುತ್ತದೆ. 2016ರಲ್ಲಿ ಟ್ರಂಪ್ ಎದುರು ಹಿಲರಿ ಕ್ಲಿಂಟನ್ ಸೋತ ನೆನಪು ಹಸಿಯಾಗಿದ್ದ 2020ರಲ್ಲಿ, ಡೆಮಾಕ್ರಟಿಕ್ ಸ್ಪರ್ಧೆಯಲ್ಲಿದ್ದ ಎಲಿಜಬೆತ್ ವಾರೆನ್, ಏಮಿ ಕ್ಲೋಬುಶಾರ್ ಮುಂತಾದವರು ಈ ಮಾತನ್ನು ಪದೇ ಪದೇ ಎದುರಿಸಬೇಕಾಯಿತು. ಊಹೆಯನ್ನು ಒಡೆಯಬಲ್ಲದ್ದೂ ಆರಂಭಿಕ ಮತದಾನವೇ. ದೇಶ ಕಪ್ಪು ವರ್ಣದವರೊಬ್ಬರನ್ನು ಆರಿಸೀತೇ ಎಂದು 2007ರಲ್ಲಿ ಕಪ್ಪು ಮತದಾರರಲ್ಲೇ ಅನೇಕರು ಅನುಮಾನಿಸುತ್ತಿದ್ದರು. ಬಹುಪಾಲು ಬಿಳಿಯರೇ ಇರುವ ಐಯೊವಾದಲ್ಲಿ ಒಬಾಮ ಗೆದ್ದ ಮೇಲೆ ಆ ಅನುಮಾನ ಸಡಿಲಗೊಂಡಿತು, 2008ರ ಜನವರಿ 26ರಂದು ಸೌತ್ ಕೆರೊಲಿನಾದಲ್ಲಿ ಅವರಿಗೆ ಶೇ 55ರಷ್ಟು ಮತ ಬಂತು.

ಹಾಗಾದರೆ ಮೊದಲ ಮತ ಯಾವ ರಾಜ್ಯದ್ದಾಗಬೇಕೆಂಬ ಪ್ರಶ್ನೆ ಕೇವಲ ದಿನಾಂಕದ ಪ್ರಶ್ನೆಯಾಗಿ ಉಳಿಯುವುದಿಲ್ಲ. 2020ರಲ್ಲಿ ಟ್ರಂಪ್ ಅವರನ್ನು ಸೋಲಿಸಬಲ್ಲವರೆಂದೇ ಪ್ರಚಾರ ಮಾಡುತ್ತಿದ್ದ ಜೋ ಬೈಡನ್ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಐದನೆಯವರಾದರು. ಎಣಿಕೆ ಮುಗಿಯುವ ಮೊದಲೇ ಸೌತ್ ಕೆರೊಲಿನಾಕ್ಕೆ ಹೊರಟು, ಡೆಮಾಕ್ರಟಿಕ್ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕಪ್ಪು ವರ್ಣದವರಾಗಿರುವ ಆ ರಾಜ್ಯದಲ್ಲಿ ಭಾರಿ ಅಂತರದಿಂದ ಗೆದ್ದು ನಾಮನಿರ್ದೇಶನದತ್ತ ನಡೆದರು. 2024ಕ್ಕೆ ಪಕ್ಷ ಮೊದಲ ಸ್ಥಾನವನ್ನು ಸೌತ್ ಕೆರೊಲಿನಾಕ್ಕೆ ಕೊಟ್ಟಿತು. ತನ್ನ ಪ್ರೈಮರಿಯೇ ಮೊದಲಿರಬೇಕೆಂಬ ರಾಜ್ಯ ಕಾನೂನನ್ನು ಮುಂದಿಟ್ಟು ನ್ಯೂ ಹ್ಯಾಂಪ್‌ಶೈರ್ ಜನವರಿ 23ರಂದೇ ಮತದಾನ ನಡೆಸಿತು. ಬೈಡನ್ ಹೆಸರು ಮತಪತ್ರದಲ್ಲಿರಲಿಲ್ಲ, ಮತದಾರರು ಅದನ್ನು ಕೈಯಾರೆ ಬರೆದು ಅವರನ್ನು ಗೆಲ್ಲಿಸಿದರು.