ನೆಬೆನ್‌ಬಾನ್: ಜರ್ಮನಿಯ ಕವಲು ರೈಲುಮಾರ್ಗ

ಜರ್ಮನಿಯ ರೈಲು ಕಾನೂನಿನಲ್ಲಿ ಮಾರ್ಗಗಳು ಎರಡು ಬಗೆ: ಹೌಪ್ಟ್‌ಬಾನ್ ಎಂದರೆ ಮುಖ್ಯ ಮಾರ್ಗ, ನೆಬೆನ್‌ಬಾನ್ ಎಂದರೆ ಕವಲು ಮಾರ್ಗ. ವ್ಯತ್ಯಾಸ ಇರುವುದು ಕಟ್ಟುವ ನಿಯಮದಲ್ಲಿ. ಹೊಸದಾಗಿ ಹಾಕುವ ಮುಖ್ಯ ಮಾರ್ಗದ ತಿರುವಿಗೆ ಕನಿಷ್ಠ 300 ಮೀಟರ್ ತ್ರಿಜ್ಯ ಬೇಕು. ಏರು ಸಾವಿರ ಮೀಟರಿಗೆ 12.5 ಮೀಟರ್ ದಾಟಬಾರದು. ಕವಲಿಗೆ 180 ಮೀಟರಿನ ತಿರುವು ಸಾಕು, 40 ಮೀಟರಿನ ಏರೂ ನಡೆಯುತ್ತದೆ. ಗುಡ್ಡ ಕೊರೆಯದೆ ಬಳಸಿಕೊಂಡು ಹೋಗಬಹುದು, ಖರ್ಚು ಉಳಿಯುತ್ತದೆ. 19ನೇ ಶತಮಾನದ ಕೊನೆಯಲ್ಲಿ ರೈಲು ಹಳ್ಳಿಗಳನ್ನು ಮುಟ್ಟಿದ್ದು ಇಂಥ ರಿಯಾಯಿತಿಗಳ ದೆಸೆಯಿಂದಲೇ.

ಓಡಿಸುವ ಕ್ರಮವೂ ಅಗ್ಗದ್ದು. ಕೆಲವು ಕವಲುಗಳಲ್ಲಿ ಸಿಗ್ನಲ್ಲಿನ ಬದಲು ಫೋನೇ ಆಧಾರ. ಇಂಥ ರೈಲು ಇಂಥ ನಿಲ್ದಾಣದ ತನಕ ಹೋಗಬಹುದೇ ಎಂದು ರೈಲಿನ ಸಿಬ್ಬಂದಿ ನಿಯಂತ್ರಕನನ್ನು ಕೇಳಬೇಕು, ಅವನು ಕೊಟ್ಟ ಅಪ್ಪಣೆಯನ್ನು ಅವನಿಗೇ ತಿರುಗಿ ಹೇಳಿ ಖಚಿತಪಡಿಸಿಕೊಂಡು ಹೊರಡಬೇಕು. ಗೇಟಿಲ್ಲದ ಕ್ರಾಸಿಂಗಿಗೆ ಮೊದಲು ‘ಪಿ’ ಅಕ್ಷರದ ಫಲಕ ಕಂಡರೆ ಸೀಟಿ ಹಾಕಬೇಕು.

ಅಗ್ಗವಾದದ್ದು ನಿಧಾನವೂ ಆಗಿತ್ತು. ಎರಡನೇ ಮಹಾಯುದ್ಧದ ನಂತರ ಕಾರು, ಬಸ್ಸು ಹೆಚ್ಚಿದಾಗ ಮೊದಲು ಸೋತದ್ದು ಈ ಕವಲುಗಳೇ. 1950ರ ದಶಕದಲ್ಲಿ ಬಂದ ಊರ್ಡಿಂಗನ್ ರೈಲ್‌ಬಸ್ಸು, ಅಂದರೆ ಹಳಿಯ ಮೇಲೋಡುವ ಡೀಸೆಲ್ ಬಸ್ಸು, ಕೆಲವನ್ನು ಒಂದಷ್ಟು ಕಾಲ ಉಳಿಸಿತು, ಅಷ್ಟೆ.

ಸ್ಟುಟ್‌ಗಾರ್ಟ್ ಹತ್ತಿರದ ಷೋನ್‌ಬುಖ್‌ಬಾನ್ ನೋಡಿ. ಬೋಬ್ಲಿಂಗನ್‌ನಿಂದ ಡೆಟ್ಟೆನ್‌ಹೌಸನ್‌ಗೆ 17 ಕಿ.ಮೀ., 1910–11ರಲ್ಲಿ ಎರಡು ಹಂತಗಳಲ್ಲಿ ತೆರೆದದ್ದು. 1966ರಲ್ಲಿ ಪ್ರಯಾಣಿಕರ ರೈಲು ನಿಂತು ಬಸ್ಸು ಬಂತು. ಹಳಿ ಹುಲ್ಲು ಹಿಡಿಯುವ ಕಥೆಯೇ ಇದೂ ಆಗಬಹುದಿತ್ತು. ಆದರೆ ಬೋಬ್ಲಿಂಗನ್, ಟ್ಯೂಬಿಂಗನ್ ಜಿಲ್ಲೆಗಳು ಕೂಡಿ ಮಾರ್ಗವನ್ನು ತಾವೇ ವಹಿಸಿಕೊಂಡವು. 1996ರ ಡಿಸೆಂಬರಿನಲ್ಲಿ ರೈಲು ಮತ್ತೆ ಓಡಿತು. ಪ್ರಾದೇಶಿಕ ರೈಲಿನ ಹೊಣೆ ಒಕ್ಕೂಟ ಸರ್ಕಾರದಿಂದ ರಾಜ್ಯಗಳ ಕೈಗೆ ಬಂದದ್ದೂ ಅದೇ ವರ್ಷ.

ದಿನಕ್ಕೆ 2,500 ಜನ ಬಂದಾರು ಎಂಬುದು ಅಂದಾಜು. ಕೆಲವೇ ವರ್ಷಗಳಲ್ಲಿ ಅದರ ಇಮ್ಮಡಿ ಮೀರಿತು. ಅರ್ಧ ಗಂಟೆಗೊಂದು ರೈಲು ಬಿಟ್ಟರೆ ಜನ ಹತ್ತುತ್ತಾರೆ. ಹಿಂದೆ ಯಾರೂ ಹತ್ತುವುದಿಲ್ಲ ಎಂದು ಮುಚ್ಚಿದ ಮಾರ್ಗಗಳಲ್ಲಿ ಎಷ್ಟಕ್ಕೆ ಸರಿಯಾದ ವೇಳಾಪಟ್ಟಿ ಇತ್ತೋ, ಅನುಮಾನವೇ. ಕೊನೆಗೆ ಡೀಸೆಲ್ ರೈಲುಗಳು ಸಾಲದಾದವು. ಕೆಲವೆಡೆ ಜೋಡಿ ಹಳಿ ಹಾಕಿ, ವಿದ್ಯುದೀಕರಿಸಿ, 2019ರ ಡಿಸೆಂಬರಿನಲ್ಲಿ ಮತ್ತೆ ತೆರೆದರು.