ಠೇವಣಿ ಹೋದ್ರೂ ನಿಲ್ಲೋ ದೇವರು

ಜಪಾನಲ್ಲಿ ಮತಯೋಶಿ ಮಿತ್ಸುವೊ ಅಂತ ಒಬ್ರಿದ್ರು, ಒಕಿನಾವಾದವ್ರು. ಎಲೆಕ್ಷನ್ನಿಗೆ ಕೊಟ್ಟಿದ್ದ ಹೆಸ್ರು ಮತಯೋಶಿ ಯೇಸು, ಪೋಸ್ಟರಲ್ಲಿ 'ಏಕೈಕ ದೇವರು' ಅಂತ ದಪ್ಪಕ್ಷರ. ಅಲ್ಲಿ ವೋಟ್ ಹಾಕೋರು ಖಾಲಿ ಚೀಟಿ ಮೇಲೆ ಪೆನ್ಸಿಲಲ್ಲಿ ಕ್ಯಾಂಡಿಡೇಟ್ ಹೆಸ್ರನ್ನ ತಾವೇ ಬರೀಬೇಕು, ಅಂದ್ರೆ ಇವ್ರ ಪೂರ್ತಿ ಹೆಸ್ರು ಬರ್ದು ವೋಟ್ ಹಾಕಿದವ್ರು ಮರೆಯಲ್ಲಿ ನಿಂತು ಕೈಯಾರೆ 'ಯೇಸು' ಅಂತ ಬರ್ದಿದಾರೆ! 1997ರಲ್ಲಿ ಒಕಿನಾವಾದ ಗಿನೋವಾನ್ ಊರಿನ ಮೇಯರ್ ಚುನಾವಣೆಯಿಂದ 2014ರ ತನಕ ನಿಲ್ತಾನೇ ಇದ್ರು, ಒಂದ್ಸಲಾನೂ ಗೆಲ್ಲಲಿಲ್ಲ, 2018ರಲ್ಲಿ ತೀರಿಕೊಂಡ್ರು. ಎದುರಾಳಿಗಳು ಹೊಟ್ಟೆ ಕೊಯ್ಕೊಂಡು ಸಾಯ್ಬೇಕು, ಅಷ್ಟಕ್ಕೇ ಮುಗಿಯಲ್ಲ, ನಾನೇ ನರಕದ ಬೆಂಕಿಗೆ ಹಾಕ್ತೀನಿ ಅನ್ನೋದು ಪ್ರಚಾರದ ಧಾಟಿ. ಜನ ನಗ್ತಿದ್ರು.

ಈ ನಗುವಿನ ಹಿಂದೆ ಒಂದು ಹಳೇ ಕಾನೂನಿದೆ. 1925ರಲ್ಲಿ 25 ದಾಟಿದ ಗಂಡಸ್ರಿಗೆಲ್ಲ ವೋಟು ಬಂತು, ಜೊತೆಗೇ 2000 ಯೆನ್ ಠೇವಣಿನೂ ಬಂತು, ಕೈಯಲ್ಲಿ ಕಾಸಿಲ್ಲದ ಎಡಪಂಥದವ್ರನ್ನ ಬಾಗಿಲಲ್ಲೇ ತಡೆಯೋಕೆ ಅಂತ ಆಗಲೂ ಮಾತಿತ್ತು, ಈಗಲೂ ಇದೆ. ಆಮೇಲೆ ಯುದ್ಧ, ಹೊಸ ಸಂವಿಧಾನ, ಹೆಂಗಸ್ರಿಗೂ ವೋಟು, ಎಲ್ಲಾ ಬದಲಾಯ್ತು, ಠೇವಣಿ ಮಾತ್ರ ಏರ್ತಾ ಹೋಯ್ತು. ಈಗ ಸಂಸತ್ತಿನ ಕೆಳಮನೆಯ ಒಂದು ಕ್ಷೇತ್ರಕ್ಕೆ 30 ಲಕ್ಷ ಯೆನ್, ಹತ್ತರಲ್ಲೊಂದು ಪಾಲು ವೋಟು ಬರದಿದ್ರೆ ಗೋವಿಂದ.

ತಮಾಷೆಗೆ ನಿಲ್ಲೋರನ್ನ ಇದು ತಡೀಬೇಕಿತ್ತು. ಆದ್ರೆ ಭಕ್ತರ ಕಾಣಿಕೆ ಇರೋನಿಗೆ ಇದ್ಯಾವ ಲೆಕ್ಕ?

1990ರ ಫೆಬ್ರವರಿ ನೋಡಿ. ಓಮ್ ಶಿನ್ರಿಕ್ಯೋ ಪಂಥದ ಗುರು ಅಸಹರಾ ಸೇರಿ 25 ಜನ ಕೆಳಮನೆ ಚುನಾವಣೆಗೆ ನಿಂತ್ರು. ಟೋಕಿಯೊ ಬೀದೀಲಿ ಬಿಳಿ ಬಟ್ಟೆ ಹಾಕ್ಕೊಂಡ ಹುಡುಗ ಹುಡುಗೀರು, ತಲೆ ಮೇಲೆ ಗುರುವಿನ ಗಡ್ಡದ ಮುಖವಾಡ, ಕೆಲವ್ರಿಗೆ ಆನೆ ಟೋಪಿ, ಗುರುವಿನ ಹೆಸ್ರನ್ನೇ ಮತ್ತೆ ಮತ್ತೆ ಹೇಳೋ ಹಾಡಿಗೆ ಕುಣಿತ. ಅಸಹರಾಗೆ ಬಿದ್ದಿದ್ದು 1783 ವೋಟು. ಎಣಿಕೇಲೇ ಮೋಸ ಆಗಿದೆ ಅಂತ ಒಳಗೆ ನಂಬಿಸಿದ್ರು, ಪಂಥ ಇನ್ನಷ್ಟು ಒಳಕ್ಕೆ ಸರೀತು. ಹಾಗಂತ ಸೋತಿದ್ದಕ್ಕೇ ಪಂಥ ಹಿಂಸೆಗಿಳೀತು ಅನ್ನೋದೂ ಪೂರ್ತಿ ಸರಿಯಲ್ಲ, 1989ರಲ್ಲೇ ಅವರ ವಿರುದ್ಧ ನಿಂತಿದ್ದ ಒಬ್ಬ ವಕೀಲರನ್ನ, ಹೆಂಡತಿ ಮಗು ಸಮೇತ, ಕೊಂದಾಗಿತ್ತು. 1995ರ ಮಾರ್ಚ್ 20ಕ್ಕೆ ಟೋಕಿಯೊ ಮೆಟ್ರೋದಲ್ಲಿ ಇದೇ ಪಂಥದವ್ರು ಸರಿನ್ ಅನ್ನೋ ವಿಷಾನಿಲ ಬಿಟ್ರು. ಬೀದೀಲಿ ಆ ಕುಣಿತ ನೋಡಿ ನಕ್ಕವ್ರಿಗೆ ಆಗ ಹೇಗನ್ನಿಸಿರ್ಬೇಕು.

ಧರ್ಮದ ಬೆನ್ನಿರೋ ಪಕ್ಷ ಎಲ್ಲಾನೂ ಹೀಗೆ ಅಂತಲ್ಲ. ಸೋಕಾ ಗಕ್ಕಾಯ್ ಅನ್ನೋ ಬೌದ್ಧ ಸಂಘಟನೆಯ ಬೆಂಬಲದಲ್ಲಿ 1964ರಲ್ಲಿ ಹುಟ್ಟಿದ ಕೋಮೇತೋ ಪಕ್ಷ 1999ರಲ್ಲಿ ಆಳೋ ಪಕ್ಷದ ಜೊತೆ ಸರ್ಕಾರದಲ್ಲೇ ಕೂತಿತು. 2009ರಲ್ಲಿ ಹ್ಯಾಪಿ ಸೈನ್ಸ್ ಅನ್ನೋ ಪಂಥದ ಪಕ್ಷ 300ಕ್ಕೂ ಹೆಚ್ಚು ಜನರನ್ನ ಇಳಿಸ್ತು, ಅಷ್ಟೂ ಸೋಲು, ಆದ್ರೂ ಮತ್ತೆ ಮತ್ತೆ ನಿಂತ್ರು.

ಸೋತ್ರೂ ಕೈ ಖಾಲಿ ಇರಲ್ಲ ಬಿಡಿ. ಊರೂರಲ್ಲಿ ಸರ್ಕಾರವೇ ಪೋಸ್ಟರ್ ಬೋರ್ಡ್ ನಿಲ್ಸತ್ತೆ, ನಂಬರ್ ಹಾಕಿದ ಚೌಕಗಳು, ಯಾವ ಚೌಕ ಯಾರಿಗೆ ಅನ್ನೋದು ಚೀಟಿ ಎತ್ತಿ. ಮಂತ್ರಿಗೆ ಸಿಗೋ ಚೌಕ ಎಷ್ಟಗಲವೋ ಏಕೈಕ ದೇವರಿಗೂ ಅಷ್ಟೇ ಅಗಲ.